ಬೇಡಕ್ಕನ ಬಿಗೋನಿಯಾ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಎರಡು ಕಟ್ಟಡಗಳ ನಡುವೆ, ಬಿಸಿಲು ಎಂದೂ ಇಣುಕದ ಗೋಡೆಯ ಬುಡದಲ್ಲಿ, ತೋಟಗಾರ್ತಿಯೊಬ್ಬರು ಕುಕ್ಕರಗಾಲಲ್ಲಿ ಕೂತು ಕುಂಡದ ಮಣ್ಣಿಗೆ ಬೆರಳು ಚುಚ್ಚುತ್ತಿದ್ದಾರೆ. ಬೆರಳಿಗೆ ಮಣ್ಣು ಅಂಟಿದರೆ ನೀರಿಲ್ಲ, ಅಂಟದಿದ್ದರೆ ಒಂದು ಲೋಟ. ನಲವತ್ತೆರಡು ಕುಂಡಗಳಲ್ಲಿ ಇವತ್ತು ಆ ಭಾಗ್ಯ ಒಂಬತ್ತಕ್ಕೆ ಮಾತ್ರ.

ಕುಂಡದಲ್ಲಿರುವುದು ಬಿಗೋನಿಯಾ. ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದಾದ ಎಲೆ, ಕೆಂಪು ಹೂವು. ನೆರಳೆಂದರೆ ಇದಕ್ಕೆ ಪ್ರಾಣ. ನೀರು ಹೆಚ್ಚಾಯಿತೋ, ಬುಡ ಕೊಳೆತು ನಾಲ್ಕೇ ದಿನದಲ್ಲಿ ಕೈಕೊಡುತ್ತದೆ. ಹನ್ನೆರಡು ವರ್ಷದಿಂದ ಕಂಡವರಿಗೆಲ್ಲ "ಬೇಡ, ನೀರು ಬೇಡ" ಎಂದು ಹೇಳಿ ಹೇಳಿ, ಇವರು ಎಲ್ಲರ ಬಾಯಲ್ಲೂ 'ಬೇಡಕ್ಕ' ಆಗಿಬಿಟ್ಟಿದ್ದಾರೆ. ದರ್ಜಿ ಕೆಲಸದ ಗಂಡನ ದೂರೂ ಅದೇ: "ಎರಡನೇ ಲೋಟ ಕಾಫಿ ಕೇಳಿದ್ರೆ ನನ್ನ ಹೊಟ್ಟೆ ಮುಟ್ಟಿ ನೋಡ್ತಾಳೆ ಸ್ವಾಮಿ. 'ಇನ್ನೂ ತೇವ ಇದೆ, ಸಂಜೆ ನೋಡೋಣ' ಅಂತಾಳೆ."

ಇವರ ಗಿಡಗಳಿಗೆ ಶತ್ರುಗಳೆಂದರೆ ಒಳ್ಳೆಯ ಜನ. ಎದುರಿಗೇ ಆಪರೇಷನ್ ಕೋಣೆ. ಹೊರಗಿನ ಬೆಂಚಿನಲ್ಲಿ ಕಾಯುವವರು ತಮ್ಮ ಬಾಟಲಿಯ ನೀರನ್ನು ಗಿಡಕ್ಕೆ ಸುರಿಯುತ್ತಾರೆ. 'ನೀರು ಹಾಕಬೇಡಿ' ಎಂಬ ಬೋರ್ಡನ್ನು ಓದುತ್ತಲೇ ಸುರಿಯುತ್ತಾರೆ. ಎರಡು ಸಲ ಇಡೀ ಸಾಲು ಕೊಳೆತುಹೋಗಿದೆ. ಮೂರನೇ ಸಲ ಹಾಗಾದರೆ ಸಿಮೆಂಟು ಬಳಿದು ಸ್ಕೂಟರ್ ನಿಲ್ಲಿಸುತ್ತೇವೆ ಎಂದು ಹೋದ ವರ್ಷ ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು.

"ಜನರನ್ನ ಬೈಯೋಕೆ ಮನಸ್ಸು ಬರಲ್ಲ," ಎನ್ನುತ್ತಾರೆ ಬೇಡಕ್ಕ. "ಒಳಗೆ ತಾಯಿನೋ ಮಗುನೋ ಇರುತ್ತೆ. ಇವ್ರು ಮಾಡೋಕೆ ಏನೂ ಇಲ್ಲ. ಕೈಯಲ್ಲಿ ಬಾಟ್ಲಿ ಒಂದಿದೆ. ಇದಾದ್ರೂ ಬದುಕ್ಲಿ ಅಂತ ಹುಯ್ತಾರೆ ಪಾಪ."

ಅದೇ ಬೆಂಚಿನಲ್ಲಿ ಕೂತು ನಾನೂ ಒಮ್ಮೆ ಸುರಿದವನೇ.

ಕೊನೆಗೆ ಬೇಡಕ್ಕ ಒಂದು ಉಪಾಯ ಹೂಡಿದರು. ಬೆಂಚಿನ ಪಕ್ಕದಲ್ಲೇ ಕುಂಡವೊಂದರಲ್ಲಿ ಪ್ಲಾಸ್ಟಿಕ್ ಬಿಗೋನಿಯಾ ನೆಟ್ಟು, 'ದಯವಿಟ್ಟು ನನಗೆ ನೀರು ಹಾಕಿ' ಎಂಬ ಚೀಟಿ ಅಂಟಿಸಿದರು. ಕುಂಡದ ತಳದಿಂದ ಚರಂಡಿಗೆ ಒಂದು ಪೈಪು. ಅಂದಿನಿಂದ ದಿನಕ್ಕೆ ಮೂವತ್ತು ಬಾಟಲಿ ನೀರು ಅದಕ್ಕೇ ಬೀಳುತ್ತಿದೆ. ಮನೆಗೆ ಹೊರಟ ಅಜ್ಜನೊಬ್ಬ, "ನಾನು ನೋಡ್ಕೊಂಡಿದ್ದಕ್ಕೇ ಉಳೀತು" ಎಂದು ಅದರ ಎಲೆ ಸವರಿ ಹೋದನಂತೆ.

ತಪಾಸಣೆಗೆ ಬಂದ ಮೇಲಧಿಕಾರಿ ಅರಳಿ ನಿಂತಿದ್ದ ನಲವತ್ತೆರಡು ಗಿಡಗಳನ್ನು ದಾಟಿ ನೇರ ಪ್ಲಾಸ್ಟಿಕ್ಕಿನ ಮುಂದೆ ನಿಂತರು. "ಗಿಡ ಅಂದ್ರೆ ಇದು! ಒಂದು ಎಲೆನೂ ಬಾಡಿಲ್ಲ. ಸಿಮೆಂಟ್ ಬೇಡ ಬಿಡಮ್ಮ, ಮುಂದುವರಿಸು," ಎಂದು ತಮ್ಮ ಬಾಟಲಿಯನ್ನೂ ಅದಕ್ಕೇ ಬಗ್ಗಿಸಿದರು. ಅವರೀಗ ನಿವೃತ್ತರು, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಆಗ ನಿಜ ಹೇಳಬೇಕು ಅನ್ನಿಸಲಿಲ್ಲವೇ ಎಂದು ಕೇಳುತ್ತೇನೆ.

"ನಾಲಿಗೆ ತುದಿವರೆಗೂ ಬಂದಿತ್ತು, ನುಂಗ್ಕೊಂಡೆ," ಎಂದು ಬೇಡಕ್ಕ ನಗುತ್ತಾರೆ. "ಹೊಗಳಿಕೆ ಪ್ಲಾಸ್ಟಿಕ್ಕಿಗೇ ಹೋಗ್ಲಿ ಬಿಡಿ. ಜಾಗ ನನ್ನ ಗಿಡಗಳಿಗೆ ಸಿಕ್ತಲ್ಲ."