ದೆವ್ವಗಳನ್ನು ಊರಿಗೆ ಕಳಿಸುವ ಶೇವಂತಾಬಾಯಿ

ಹುಮನಾಬಾದಿನ ಮಾಟಗಾತಿ ಶೇವಂತಾಬಾಯಿಯ ಅಜ್ಜಿ ಲಚಮಾಬಾಯಿ ಮಂಠಾಳದ ಬ್ರಹ್ಮರಾಕ್ಷಸನನ್ನು ಬೈದು ಬೈದು ಜೋಳದ ಹೊಲ ಕಾಯಲು ಹಚ್ಚಿದವಳು. ತಾಯಿ ರುಕ್ಮಾಬಾಯಿ ಹುಣಸೆಮರದ ಮೋಹಿನಿಗೆ ರೊಟ್ಟಿ ಬಡಿಯಲು ಕಲಿಸಿದವಳು. ಶೇವಂತಾಬಾಯಿ ಮಾತ್ರ ನಿಂಬೆಹಣ್ಣು ಕೊಯ್ಯುವವಳಲ್ಲ, ಬೂದಿ ಊದುವವಳೂ ಅಲ್ಲ. ಎಸ್‌ಟಿಡಿ ಬೂತಿನವನ ಮೈಯಲ್ಲಿ ದೆವ್ವ ಹೊಕ್ಕು ಅವನು ಗಿರಾಕಿಗಳನ್ನು ಕಚ್ಚಲು ಹೊರಟಾಗಲೂ ಇವಳು ಬೀಗತನ ಕೇಳಲು ಬಂದವಳಂತೆ ಎದುರಿಗೆ ಕೂತು, "ಯಾವ ಊರಪ್ಪಾ ನಿಂದು? ಯಾರ ಮಂದಿ?" ಎಂದಳು. ಊರು ಮುಟ್ಟಿದ ದೆವ್ವ ತಣ್ಣಗಾಗುತ್ತದೆಂಬುದು ಅವಳ ಖಾತ್ರಿ. ಅದು ಊರಿನ ಹೆಸರು ಹೇಳಿದ ಕೂಡಲೇ ಕರೆದೊಯ್ದು ಆ ಊರಿನ ಟೆಂಪೋ ಹತ್ತಿಸುತ್ತಾಳೆ. ಖಾಲಿ ಸೀಟಿಗೆ ಪೂರ್ತಿ ಬಾಡಿಗೆ ಕೇಳಿದ ಬೇಮಳಖೇಡದ ಡ್ರೈವರನಿಗೆ, "ಕಾಲೇ ಇಲ್ಲ ಅದಕ್ಕ, ಅರ್ಧಾ ತಗೋಳೋ ಖೋಡಿ!" ಎಂದು ಇಡೀ ಸ್ಟ್ಯಾಂಡು ಕೇಳುವಂತೆ ಜಗಳ ತೆಗೆದಳು. ಈಚೆಗೆ ಅವಳ ಎಡಗೈ ಸೆರಗಿನೊಳಗೇ ಇರುತ್ತದೆ. ಕೆರೆಯಲ್ಲಿ ಮುಳುಗಿ ಸತ್ತ ಸಣ್ಣ ಹುಡುಗಿಯ ದೆವ್ವವೊಂದು ಆ ಕೈ ಹಿಡಿದು ಬಿಡದಾಗಿದೆ. ಅದಕ್ಕೆ ತನ್ನ ಊರೇ ನೆನಪಿಲ್ಲ. ಬೆರಳಿನಿಂದ ಏರಿದ ಥಂಡಿ ಭುಜ ದಾಟಿ ಎದೆಯ ಹತ್ತಿರ ಬಂದಿದೆ. ಬಳೆ ಅಂಗಡಿಯ ಧನರಾಜ ಗಾಬರಿಯಾಗಿ, "ಕಲ್ಯಾಣದಿಂದ ದೊಡ್ಡ ಮಂತ್ರವಾದಿಗೆ ಕರ್ಕೊಂಡು ಬರ್ತೀನ್ರಿ ಮೌಶಿ, ಬಾಟ್ಲ್ಯಾಗ ಹಾಕಿ ಸುಟ್ಟೇ ಬಿಡ್ತಾನ. ಇಲ್ಲಂದ್ರ ನೀವು ಉಳ್ಯಂಗಿಲ್ರಿ" ಎಂದ. ಶೇವಂತಾಬಾಯಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. "ಬ್ಯಾಡಪ್ಪಾ ಧನರಾಜ. ಪಾಪ, ನೆನಪು ಮಾಡ್ಕೊಳಾಕತ್ತದ. ಊರು ನೆನಪಾಗೂ ತನಾ ಕೈ ಹಿಡ್ಕೊಂಡು ಕುಂದರ್ಲಿ ಬಿಡು."