ಅಗರಮ್ಮ ಹೊದಿಸಿದ ಏಳು ಪ್ಲೇಟು

ನಮ್ಮ ಲ್ಯಾಬಿನಲ್ಲಿ ಎಲ್ಲರಿಗಿಂತ ಜಂಬದವರು ಯಾರೆಂದು ಕೇಳಿದರೆ ನಾವು ಪ್ರೊಫೆಸರರ ಕೋಣೆಯನ್ನು ತೋರಿಸುತ್ತಿರಲಿಲ್ಲ, ಕಾರಿಡಾರಿನ ಕೊನೆಯಲ್ಲಿದ್ದ ಮೀಡಿಯಾ ರೂಮನ್ನು ತೋರಿಸುತ್ತಿದ್ದೆವು. ಅಲ್ಲಿ ಅಗರಮ್ಮ ಇದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ನಾವು ಸಾಕುವ ಸೂಕ್ಷ್ಮಜೀವಿಗಳಿಗೆ ಊಟ ಬೇಯಿಸುವುದು ಅವರ ಕೆಲಸ, ಆ ಊಟಕ್ಕೇ ಲ್ಯಾಬಿನಲ್ಲಿ ಮೀಡಿಯಾ ಎನ್ನುವುದು. ಪುಡಿ ತೂಗಿ, ನೀರಿಗೆ ಸುರಿದು, ಗಟ್ಟಿಯಾಗಲೆಂದು ಅಗರ್ ಬೆರೆಸಿ, ಆಟೊಕ್ಲೇವ್ ಎಂಬ ದೊಡ್ಡ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳದ ಪ್ಲೇಟುಗಳಿಗೆ ಹುಯ್ಯುತ್ತಿದ್ದರು. ಮೊದಲು ನರ್ಸುಗಳ ಹಾಸ್ಟೆಲಿನಲ್ಲಿ ಅಡುಗೆಗಿದ್ದವರು, ಯಾರದೋ ರಜೆಗೆ ಬದಲಿಯಾಗಿ ಎರಡು ವಾರಕ್ಕೆಂದು ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಉಳಿದುಬಿಟ್ಟರು. "ಇಲ್ಲಿ ಉಪ್ಪು ಕಡಿಮೆ, ಖಾರ ಜಾಸ್ತಿ ಅಂತ ಯಾರೂ ಗೊಣಗಲ್ಲ ನೋಡು" ಎನ್ನುತ್ತಿದ್ದರು.

ಮೀಡಿಯಾ ರೂಮಿನ ಬಾಗಿಲ ಪಕ್ಕ ಒಂದು ಚಿಕ್ಕ ಕರಿಹಲಗೆ. ಅದರಲ್ಲಿ ಅವರದೇ ಕೈಬರಹ: "ಹಾಳಾದ ಪ್ಲೇಟು: 0". ಆ ಸೊನ್ನೆಯನ್ನು ಪ್ರತಿ ಸೋಮವಾರ ಒರೆಸಿ ಹೊಸದಾಗಿ ಬರೆಯುತ್ತಿದ್ದರು. ನಾವು ಮಾಡಿದ ಎಡವಟ್ಟು ಲೆಕ್ಕಕ್ಕಿಲ್ಲ, ಅವರ ಕೈಯಿಂದ ಹಾಳಾದದ್ದು ಮಾತ್ರ. ಬಿಸಿ ಅಗರ್ ಹುಯ್ಯುವ ಹದಕ್ಕೆ ಬಂದಿದೆಯೇ ಎಂದು ನೋಡಲು ನಾವೆಲ್ಲ ಥರ್ಮಾಮೀಟರ್ ಹುಡುಕಿದರೆ ಅವರು ಬಾಟಲಿಯನ್ನು ಎಡಗೆನ್ನೆಗೆ ತಾಗಿಸಿ, ಕಣ್ಣು ಮುಚ್ಚಿ, "ಹೂಂ, ಈಗ" ಎನ್ನುತ್ತಿದ್ದರು. ಪಂತ ಕಟ್ಟಿ ಐದು ಸಲ ಅಳೆದೆ. ಐದು ಸಲವೂ ನಲವತ್ತೈದು ಡಿಗ್ರಿ! ಆಮೇಲೆ ನಾನು ಥರ್ಮಾಮೀಟರ್ ಒಳಗಿಟ್ಟೆ.

ನನ್ನ ಸಂಶೋಧನೆ ಒಂದು ಯೀಸ್ಟಿನ ಮೇಲೆ. ಬ್ರೆಡ್ ಉಬ್ಬಿಸುವ ಸಾಧು ಯೀಸ್ಟ್ ಅಲ್ಲ, ನಮ್ಮ ಬಾಯಲ್ಲಿ, ಕರುಳಲ್ಲಿ ಬಾಡಿಗೆಯಿಲ್ಲದೆ ಕೂತಿರುವಂಥದ್ದು. ಮೈಯಲ್ಲಿ ಕಸುವಿರುವವರೆಗೆ ಗುಂಡಗೆ, ತೆಪ್ಪಗೆ ಇರುತ್ತದೆ. ಕಸುವು ತಗ್ಗಿತೋ, ಗುಂಡು ಕೋಶದಿಂದ ಉದ್ದನೆಯ ಎಳೆ ಹೊರಟು ಮಾಂಸ ಕೊರೆಯುತ್ತದೆ. ಎಳೆ ಬಿಡು ಎಂದು ಅದಕ್ಕೆ ಹೇಳುವವರು ಯಾರು? ಕೋಶದೊಳಗೆ ಸುದ್ದಿ ಸಾಗಿಸುವ ಪ್ರೋಟೀನುಗಳಿವೆ. ಹೊರಗಿನ ಬಿಸಿ, ಹಸಿವು, ಗಾಳಿ ಎಲ್ಲದರ ಸುದ್ದಿಯನ್ನು ಒಂದು ಇನ್ನೊಂದರ ಕಿವಿಗೆ ಹಾಕುತ್ತದೆ.

ಅಗರಮ್ಮನಿಗೆ ಇದನ್ನು ಚಹಾ ಕುಡಿಯುತ್ತಾ ವಿವರಿಸಿದ್ದೆ. ಅವರು ತಕ್ಷಣ ಹಿಡಿದರು. "ಅಂದ್ರೆ ಬಾಗಿಲು ಬಡಿದ್ರೆ ಚಿಕ್ಕವನು ಅಕ್ಕನಿಗೆ ಹೇಳ್ತಾನೆ, ಅಕ್ಕ ಅಮ್ಮನಿಗೆ ಹೇಳ್ತಾಳೆ, ಅಮ್ಮ ಒಲೆ ಹಚ್ತಾಳೆ. ಹೌದಾ?"

"ಹೌದು. ನಾನು ಆ ಅಮ್ಮನನ್ನೇ ತೆಗೆದುಹಾಕಿದೀನಿ. ಯಾರು ಬಾಗಿಲು ಬಡಿದ್ರೂ ಒಲೆ ಹತ್ತಲ್ಲ, ಎಳೆ ಬರಲ್ಲ."

"ಪಾಪ ಕಣೇ!" ಎಂದರು. ಮರುವಾರ ಅವರ ಆರು ತಿಂಗಳ ಮೊಮ್ಮಗಳ ನಾಲಿಗೆ ಮೇಲೆ ಬಿಳಿ ಕಟ್ಟಿತು. ಡಾಕ್ಟರು ಹೇಳಿದ ಹೆಸರು ನನ್ನ ಯೀಸ್ಟಿನದೇ. ಮಗು ಎರಡು ದಿನ ಹಾಲು ಕುಡಿಯದೆ ಅತ್ತಿತಂತೆ. ಔಷಧಿ ಹಾಕಿ ವಾಸಿಯಾಯಿತು, ಆದರೆ ಅಗರಮ್ಮನ ಪಾಪ, ಪುಣ್ಯ ಎರಡೂ ಮುಗಿದವು. ನನ್ನ ಪ್ಲೇಟುಗಳ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ನನ್ನ ಕೈಯೂಟ ತಿಂದು ನನ್ನ ಮನೆಗೇ ಬಂದ್ಯಾ, ದರಿದ್ರದವನೇ?" ಎಂದು ಉಗಿದರು. ನನಗಂತೂ "ಬೇಗ ಕಂಡುಹಿಡಿಯೇ" ಎಂಬ ಕಾಟ ಶುರುವಾಯಿತು.

ಮೂರು ವರ್ಷದ ಕೆಲಸ ಕೊನೆಗೆ ಎಂಟು ಪ್ಲೇಟಿಗೆ ಬಂದು ನಿಂತಿತು. ಎಂಟರಲ್ಲೂ "ಅಮ್ಮ" ಇಲ್ಲದ ಕೋಶಗಳು. ಎಳೆ ಬರದಿದ್ದರೆ ಫೋಟೊ ತೆಗೆದು ಥೀಸಿಸ್ ಬರೆಯಬಹುದು, ಬಂದರೆ ನನ್ನ ವಾದವೇ ಸುಳ್ಳು, ಮತ್ತೆ ಮೊದಲಿನಿಂದ ಎಂದು ದೊಡ್ಡ ಮೇಡಂ ಹೇಳಿದ್ದರು. ಅವರು ನನ್ನ ಗೈಡ್, ಕಡಿಮೆ ಮಾತಿನವರು, ಹೇಳಿದ್ದನ್ನು ಎರಡು ಸಲ ಹೇಳುವವರಲ್ಲ. ಶುಕ್ರವಾರ ಪ್ಲೇಟುಗಳನ್ನು ಬೆಚ್ಚನೆಯ ಇನ್‌ಕ್ಯುಬೇಟರಿನಲ್ಲಿಟ್ಟೆ. ಶನಿವಾರ ಬೆಳಿಗ್ಗೆ ಎದ್ದರೆ ಕಣ್ಣುಬೇನೆ! ಎರಡೂ ಕಣ್ಣು ಕೆಂಡ. ಆರು ದಿನ ಲ್ಯಾಬಿಗೆ ಕಾಲಿಡಬೇಡ ಎಂದು ಅಪ್ಪಣೆಯಾಯಿತು.

ಏಳನೆಯ ದಿನ ಓಡಿಬಂದು ಮೇಲಿನ ಪ್ಲೇಟು ತೆರೆದೆ. ನುಣುಪಾದ ಗುಂಡು ಚುಕ್ಕೆಗಳಿರಬೇಕಿದ್ದಲ್ಲಿ ಎಲ್ಲ ಚುಕ್ಕೆಗೂ ಸುತ್ತ ಗಡ್ಡ ಬಂದಿತ್ತು. ಎಳೆ, ಬರೀ ಎಳೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದನ್ನು ನೋಡುವ ಧೈರ್ಯ ಬರಲಿಲ್ಲ. ಆಗಷ್ಟೇ ವಾಸಿಯಾದ ಕಣ್ಣು ಮತ್ತೆ ಸೋರತೊಡಗಿತು. ಎಂಟನ್ನೂ ಟ್ರೇಯಲ್ಲಿ ಜೋಡಿಸಿ ಮೀಡಿಯಾ ರೂಮಿಗೆ ಒಯ್ದು, "ಬೇಯಿಸಿ ಬಿಸಾಕಿ ಅಗರಮ್ಮ. ನನ್ನ ಮೂರು ವರ್ಷ ನೀರುಪಾಲು" ಎಂದೆ.

ಅವರು ಟ್ರೇ ತೆಗೆದುಕೊಂಡರು. ಆಟೊಕ್ಲೇವಿನ ಮುಚ್ಚಳ ತೆರೆದೇ ಇತ್ತು. ಟ್ರೇ ಒಳಗಿಟ್ಟು ತಿರುಪು ಬಿಗಿಸಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವರು ನನ್ನ ಮುಖ ನೋಡಿದರು, ಕರಿಹಲಗೆ ನೋಡಿದರು, ಟ್ರೇಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದರು.

"ನಾನು ಮಾಡಿದ್ದು ಕಣೇ ಇದು."

ಶನಿವಾರ ಇನ್‌ಕ್ಯುಬೇಟರ್ ಕೆಟ್ಟಿತಂತೆ. ಪ್ಲೇಟುಗಳನ್ನು ತಂದು ಮೀಡಿಯಾ ರೂಮಿನ ತಣ್ಣನೆಯ ಕಪಾಟಿನಲ್ಲಿಟ್ಟರಂತೆ. ಮೇಲೆ ಫ್ಯಾನು, ಅಗರ್ ಒಣಗತೊಡಗಿತ್ತು. ಅಗರ್ ಒಣಗಿ ಬಿರುಕು ಬಿಡುವುದನ್ನು ಕಂಡರೆ ಅವರಿಗೆ ಆಗುವುದಿಲ್ಲ. "ಎಷ್ಟೇ ದುಷ್ಟನಾದ್ರೂ ಬಾಯಾರಿಸಬಾರದಲ್ಲ" ಎಂದು ಮಿಕ್ಕಿದ್ದ ಬರೀ ಅಗರನ್ನು ಕರಗಿಸಿ, ಕೆನ್ನೆಗೆ ತಾಗಿಸಿ, ಕೋಶಗಳ ಮೇಲೆ ತೆಳ್ಳಗೆ ಒಂದು ಪದರ ಹೊದಿಸಿದ್ದರು. ಇನ್‌ಕ್ಯುಬೇಟರ್ ರಿಪೇರಿಯಾದ ಮೇಲೆ, ಅಂದು ಬೆಳಿಗ್ಗೆಯಷ್ಟೇ, ಎಲ್ಲವನ್ನೂ ಮತ್ತೆ ಅದರೊಳಗೆ ಇಟ್ಟಿದ್ದರು.

"ಫೋನ್ ಮಾಡಿ ಕೇಳಬಾರದಿತ್ತಾ?" ಎಂದು ಕಿರುಚಿಯೇಬಿಟ್ಟೆ.

"ಕಣ್ಣುಬೇನೆ ಇದ್ದೋಳನ್ನ ಏನು ಕೇಳೋದು?" ಎಂದರು. ಅದಕ್ಕೂ ಫೋನಿಗೂ ಏನು ಸಂಬಂಧ, ನನಗೆ ಇಂದಿಗೂ ತಿಳಿದಿಲ್ಲ. ಆಮೇಲೆ ಟ್ರೇಯ ತಳದಿಂದ ಒಂದು ಪ್ಲೇಟು ಎಳೆದರು. "ಇದೊಂದಕ್ಕೆ ಹೊದಿಸಿಲ್ಲ. ಅಗರ್ ಸಾಲಲಿಲ್ಲ."

ಮುಚ್ಚಳ ತೆಗೆದೆ. ನುಣುಪು, ಗುಂಡು, ಒಂದೇ ಒಂದು ಗಡ್ಡವಿಲ್ಲ. ಅದೇ ಕೋಶ, ಅದೇ ಕಪಾಟು, ಅದೇ ಆರು ದಿನ. ಹಾಗಾದರೆ ಅಮ್ಮ ನಿಜವಾಗಿಯೂ ಇಲ್ಲ, ನನ್ನ ಕೆಲಸ ಸುಳ್ಳಲ್ಲ. ಆದರೆ ಅಗರಿನಡಿ ಹೂತಿಟ್ಟಾಗ ಒಲೆ ಹಚ್ಚಿದವರು ಯಾರು?

ಅಗರಮ್ಮ ಮೂಗು ಒರೆಸಿಕೊಂಡು, "ಹಿತ್ತಿಲ ಬಾಗಿಲಿಂದ ಇನ್ಯಾರೋ ಬರ್ತಾರೇನೋ. ದೊಡ್ಡಮ್ಮನೋ, ಚಿಕ್ಕಮ್ಮನೋ" ಎಂದರು.

ಹಾಗೆಯೇ ದೊಡ್ಡ ಮೇಡಂಗೆ ಹೋಗಿ ಹೇಳಿದೆ. ಅವರು ಏಳನ್ನೂ ಎಂಟನೆಯದನ್ನೂ ಎರಡು ಸಲ ನೋಡಿ, ತಾವೇ ಮೀಡಿಯಾ ರೂಮಿಗೆ ನಡೆದು ಬಂದು, "ಅಗರಮ್ಮ, ಅದೇ ತಪ್ಪು ಇನ್ನೊಂದು ಸಲ ಮಾಡ್ತೀರಾ? ಈ ಸಲ ನಲವತ್ತು ಪ್ಲೇಟಿಗೆ" ಎಂದರು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತಿದ್ದ ಅಗರಮ್ಮ, ಮೇಡಂ ಗೇಲಿ ಮಾಡುತ್ತಿದ್ದಾರೆಂದೇ ತಿಳಿದು ಮುಖ ಊದಿಸಿಕೊಂಡರು. ಒಪ್ಪಿಸಲು ನನಗೆ ಎರಡು ಲೋಟ ಚಹಾ ಬೇಕಾಯಿತು.

ನಲವತ್ತರಲ್ಲಿ ಇಪ್ಪತ್ತಕ್ಕೆ ಹೊದಿಸಿದರು, ಇಪ್ಪತ್ತನ್ನು ತೆರೆದಿಟ್ಟರು. ಹೊದಿಸಿದ್ದಕ್ಕೆಲ್ಲ ಗಡ್ಡ, ತೆರೆದಿಟ್ಟವು ನುಣುಪು. ಸುದ್ದಿಗೆ ಎರಡನೆಯ ದಾರಿ ಇತ್ತು, ಹೂತಾಗ ಮಾತ್ರ ತೆರೆಯುವ ದಾರಿ. ಆ "ಚಿಕ್ಕಮ್ಮ" ಪ್ರೋಟೀನನ್ನು ಹುಡುಕಿ ಹಿಡಿಯಲು ಇನ್ನೊಂದು ವರ್ಷ ಹಿಡಿಯಿತು. ಅದು ನನ್ನ ಬದುಕಿನ ಅತ್ಯಂತ ಖುಷಿಯ ವರ್ಷ.

ಥೀಸಿಸ್ ಒಪ್ಪಿತವಾದ ದಿನ ದಪ್ಪ ಪುಸ್ತಕ ಹಿಡಿದು ಮೀಡಿಯಾ ರೂಮಿಗೆ ಹೋದೆ. ಅವರು ಹೊದಿಸಿದ ವಿಧಾನ ಬರೆದಿದ್ದ ಪುಟ ತೆರೆದು ತೋರಿಸಿದೆ. ಕರಿಹಲಗೆಯ ಮೇಲೆ, ತಪ್ಪು ಒಪ್ಪಿಕೊಂಡ ದಿನ ಅವರು ಸೊನ್ನೆ ಒರೆಸಿ ಬರೆದ "7" ಇನ್ನೂ ಹಾಗೇ ಇತ್ತು. ಇವತ್ತಾದರೂ ಅದನ್ನು ಒರೆಸಿ ಸೊನ್ನೆ ಮಾಡಿ ಎಂದೆ.

"ಎಂಟನೇದಕ್ಕೆ ಅಗರ್ ಯಾಕೆ ಸಾಲಲಿಲ್ಲ ಅಂತ ಬರೆದಿದೀಯಾ ಇದರಲ್ಲಿ?"

"ಇಲ್ಲ."

"ಎಂಟಕ್ಕೂ ಸಾಕಾಗುತ್ತೆ ಅಂತ ಅಳತೆ ತಪ್ಪಿದ್ದೆ. ಅದನ್ನ ಅವತ್ತು ಬರೆದಿರಲಿಲ್ಲ, ನಾಚಿಕೆಯಾಗಿತ್ತು" ಎಂದು ಎದ್ದುಹೋಗಿ, ಏಳನ್ನು ಒರೆಸಿ, ದುಂಡಗೆ "8" ಬರೆದರು. ಆ ಎಂಟನೆಯ ತಪ್ಪು ಮಾಡದಿದ್ದರೆ ನನ್ನ ಕೈಯಲ್ಲಿ ಈ ಪುಸ್ತಕವೇ ಇರುತ್ತಿರಲಿಲ್ಲ. ಹಾಗೆಂದು ಹೇಳಹೊರಟವಳು ಅವರನ್ನೇ ತಬ್ಬಿಕೊಂಡೆ. "ಬಿಡೇ, ಅಗರ್ ಆರುತ್ತೆ" ಎಂದರು.