ಯಮನೂರನ ಐದು ಮೀಟರ್

ಯಮನೂರನ ವ್ಯಾನಿನಲ್ಲಿ ಒಂದು ಹಳದಿ ಪೆಟ್ಟಿಗೆ ಇರುತ್ತದೆ. ಒಳಗೆ, ಭಾರದ ಲೋಹದ ಹೊದಿಕೆಯಲ್ಲಿ, ಮೆಣಸಿನಕಾಳಿನಷ್ಟು ವಿಕಿರಣ ವಸ್ತು. ಪೈಪಿನ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಎಕ್ಸ್‌ರೇ ಥರ ಚಿತ್ರ ತೆಗೆಯಲು ಅದು ಬೇಕು. ಪೀಣ್ಯದಿಂದ ಸರ್ಜಾಪುರದ ತನಕ ಅದನ್ನು ಹೊತ್ತು ತಿರುಗುವುದು ಅವನ ಕೆಲಸ.

ಲಿಂಗಸುಗೂರಿನ ಕಡೆಯವನು. ಮೊದಲು ಕಾಂಕ್ರೀಟ್ ಮಿಕ್ಸರ್ ಲಾರಿಯಲ್ಲಿ ರಾತ್ರಿಪಾಳಿ. ಹೆಂಡತಿ ಶಾಂಭವಿಯ ಮುಖ ನೋಡುತ್ತಿದ್ದುದು ಹೆಚ್ಚಾಗಿ ಫೋನಿನಲ್ಲೇ. ಈಗ ಸಂಜೆ ಆರಕ್ಕೆ ಮನೆ. ಹಾಗಾಗಿ ವರ್ಷಕ್ಕೊಮ್ಮೆ ಬರುವ ಅಪಘಾತದ ಅಣಕು ಪರೀಕ್ಷೆಗೆ ಅವನು ಅಣುವಿಗಿಂತ ಹೆಚ್ಚು ಹೆದರುತ್ತಿದ್ದ. ನಪಾಸಾದರೆ ಮತ್ತೆ ಮಿಕ್ಸರು.

ಈ ಸಲದ ಪರೀಕ್ಷೆ ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ. ಪೆಟ್ಟಿಗೆ ಖಾಲಿ. ಕಂಪನಿಯ ಸುರಕ್ಷತಾ ಅಧಿಕಾರಿ ಶಶಿಕುಮಾರ್ ಪ್ಯಾಡು ಹಿಡಿದು ನಿಂತರು. ನಿಯಮ ಸರಳ: ವ್ಯಾನು, ಪೆಟ್ಟಿಗೆಯ ಸುತ್ತ ಐದು ಮೀಟರಿಗೆ ಹಗ್ಗ ಕಟ್ಟು, ಯಾರನ್ನೂ ಒಳಗೆ ಬಿಡಬೇಡ.

ನಿಯಮ ಬರೆದವರು ಪೀಣ್ಯದಲ್ಲಿ ಹಗ್ಗ ಕಟ್ಟಿ ನೋಡಿರಲಿಲ್ಲ. ಇಲ್ಲಿ ಹಗ್ಗ ಕಂಡಲ್ಲಿ ಹಬ್ಬ. ಶಿಫ್ಟು ಮುಗಿಸಿದವರು ಟಿಫಿನ್ ಡಬ್ಬಿ ಸಮೇತ ಒಳಗೆ ನುಸುಳಿದರು. ಒಬ್ಬ ಪೆಟ್ಟಿಗೆಯ ಮೇಲೆ ಮೊಣಕೈ ಊರಿ, "ಏನ್ ಗುರು, ಐಸ್‌ಕ್ರೀಮಾ?" ಎಂದ. ಅಪಾಯ ಎಂದು ಯಮನೂರ ಹೇಳಿದ್ದಕ್ಕೆ, ಅದನ್ನು ಹತ್ತಿರದಿಂದ ನೋಡಲು ಇನ್ನೂ ಹತ್ತು ಜನ ಬಂದರು. ಶಶಿಕುಮಾರರ ಪೆನ್ನು ಪ್ಯಾಡಿನತ್ತ ಇಳಿಯತೊಡಗಿತು.

ಅಂದು ಅಮಾವಾಸ್ಯೆ. ಗಾಡಿಪೂಜೆಗೆ ತಂದ ಡಜನ್ ನಿಂಬೆಹಣ್ಣು, ಕುಂಕುಮ ಸೀಟಿನಡಿ ಇದ್ದವು. ಯಮನೂರ ಹಣ್ಣು ಕೊಯ್ದು, ಕುಂಕುಮ ಮೆತ್ತಿ, ಏನೋ ಗೊಣಗುತ್ತ ಒಳಗಿನಿಂದಲೇ ಹಗ್ಗದುದ್ದಕ್ಕೂ ಹೋಳು ಇಡುತ್ತ ಬಂದ. ಗೊಣಗಿದ್ದು ಬಾಯಿಪಾಠ ಮಾಡಿದ್ದ ತುರ್ತು ಫೋನ್ ನಂಬರು. ಎರಡನೇ ಹೋಳಿಗೇ ಮೊಣಕೈಯವನು ಹೊರಗೆ ಹಾರಿದ. ಸುತ್ತು ಮುಗಿಯುವಷ್ಟರಲ್ಲಿ ಎಲ್ಲರೂ ರಸ್ತೆಯ ಆಚೆ ಬದಿಯಲ್ಲಿದ್ದರು.

ಪೆಟ್ಟಿಗೆಯ ಬೀಗ ನೋಡಲು ಹೊರಟ ಶಶಿಕುಮಾರ್ ಹೋಳಿನ ಮುಂದೆ ಬೂಟುಗಾಲು ಎತ್ತಿ, ಎತ್ತಿದಲ್ಲೇ ಇಳಿಸಿದರು.

"ನೀನೂ ಹೊರಗಿರಬೇಕು ಕಣಯ್ಯ. ಬಾ ಈಚೆ."

"ಹೆಂಗ ಬರ್ಲಿ ಸಾರ್, ದಾಟಬಾರದಲ್ರಿ. ನೀವ ಒಳಗ ಬಂದು ಬೀಗ ನೋಡ್ರಿ."

ಶಶಿಕುಮಾರ್ ಒಮ್ಮೆ ಆಕಾಶ ನೋಡಿದರು. "ಇಲ್ಲಿಂದಾನೇ ಕಾಣುತ್ತೆ ಬಿಡು."

ಕಾಲಿಗಿದ್ದ ದೋಷ ಚಕ್ರಕ್ಕಿಲ್ಲ; ಗಾಡಿಪೂಜೆಯಲ್ಲಿ ನಿಂಬೆಹಣ್ಣು ಇಡುವುದೇ ಚಕ್ರದಡಿ. ಹಗ್ಗ ಬಿಚ್ಚಿ, ಯಮನೂರ ಹೋಳುಗಳ ಮೇಲೇ ವ್ಯಾನು ಹತ್ತಿಸಿ ಹೊರಬಂದ, ಆರಕ್ಕೆ ಮನೆಯಲ್ಲಿದ್ದ. ಶಶಿಕುಮಾರ್ ವರದಿಯಲ್ಲಿ ಬರೆದರು: "ಜನ ದೂರ ಉಳಿದರು. ಚಾಲಕ ಪಾಸು. ಮುಂದಿನ ಸಲ ಹೋಳುಗಳನ್ನು ಹೊರಗೆ ನಿಂತು ಇಡತಕ್ಕದ್ದು."